ಅಶ್ಲೀಲ ಎಂದು ಅನ್ನಿಸಿದ್ದು ಯಾರಿಗೆ?

ಜಾತ್ರೆ ಸೀಜನ್ ಶುರುವಾಯಿತೆಂದರೆ ನಮ್ಮ ಜಿಲ್ಲಾ ಪುಟಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ಜಾತ್ರೆಯಲ್ಲಿ ಅಶ್ಲೀಲ ನೃತ್ಯ’. ಊರಿನ ಹೆಸರು ಬದಲಾಗುತ್ತದೆ, ತಾರೀಖು ಬದಲಾಗುತ್ತದೆ, ಒಳಗಿನ ಐದಾರು ವಾಕ್ಯಗಳು ಹೆಚ್ಚೂಕಡಿಮೆ ಅವೇ. ರಸಮಂಜರಿ ಹೆಸರಿನಲ್ಲಿ ಯುವತಿಯರನ್ನು ಕುಣಿಸಲಾಯಿತು, ಸಾರ್ವಜನಿಕರು ಮುಜುಗರ ಅನುಭವಿಸಿದರು, ಪ್ರಜ್ಞಾವಂತರು ಆಕ್ರೋಶ ವ್ಯಕ್ತಪಡಿಸಿದರು. ಜೊತೆಗೊಂದು ಫೋಟೊ. ಅದರಲ್ಲಿ ಕುಣಿಯುತ್ತಿರುವ ಹೆಣ್ಣುಮಗಳ ಮುಖ ಇರುತ್ತದೆ. ಮನೆಮನೆಗೆ ಹೋಗಿ ಪಟ್ಟಿ ಎತ್ತಿ, ಮುಂಗಡ ಕೊಟ್ಟು ಆಕೆಯನ್ನು ಕರೆಸಿದ ಸಮಿತಿಯವರ ಮುಖ ಇರುವುದಿಲ್ಲ. ಮುಜುಗರಪಟ್ಟ ಸಾರ್ವಜನಿಕರು ರಾತ್ರಿ ಎರಡು ಗಂಟೆಯವರೆಗೂ ಅಲ್ಲಿಂದ ಏಕೆ ಕದಲಲಿಲ್ಲ ಎಂಬ ಪ್ರಶ್ನೆಗೂ ಸುದ್ದಿಯಲ್ಲಿ ಜಾಗವಿರುವುದಿಲ್ಲ.

ಈ ಬ್ಲಾಗಿನಲ್ಲಿ ಬರೆಯುವ ನಾವೆಲ್ಲ ಪತ್ರಿಕೋದ್ಯಮದ ತರಗತಿಯಲ್ಲಿ ಮೊದಲು ಕೇಳಿದ ಪಾಠ, ವರದಿಯಲ್ಲಿ ಅಭಿಪ್ರಾಯ ಬೆರೆಸಬಾರದು ಎಂಬುದು. ‘ಕಳ್ಳ’ ಎಂದು ಬರೆಯಬಾರದು, ‘ಆರೋಪಿ’ ಎಂದು ಬರೆಯಬೇಕು. ‘ಲಂಚ ತಿಂದ’ ಎನ್ನಬಾರದು, ‘ಲಂಚ ಪಡೆದ ಆರೋಪ’ ಎನ್ನಬೇಕು. ಇಷ್ಟೆಲ್ಲ ಎಚ್ಚರ ಇರುವ ಸುದ್ದಿಮನೆ ‘ಅಶ್ಲೀಲ’ ಎಂಬ ಪದಕ್ಕೆ ಮಾತ್ರ ಪೂರ್ತಿ ವಿನಾಯಿತಿ ಕೊಟ್ಟಿದೆ. ಮಳೆ ಬಂತು, ಬಸ್ಸು ಪಲ್ಟಿಯಾಯಿತು ಎಂಬಷ್ಟೇ ಸಲೀಸಾಗಿ ಅಶ್ಲೀಲ ನೃತ್ಯ ನಡೆಯಿತು ಎಂದು ಬರೆಯುತ್ತದೆ. ಯಾರ ಅಭಿಪ್ರಾಯ ಅದು ಎಂದು ಡೆಸ್ಕಿನಲ್ಲಿ ಯಾರೂ ಕೇಳುವುದಿಲ್ಲ.

ನಾವು ಕೇಳಬೇಕು ಎನ್ನುತ್ತಿದ್ದೇವೆ. ಅಶ್ಲೀಲತೆ ಎಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ, ಯಾರೋ ಒಂದು ಕಾಲದಲ್ಲಿ, ಒಂದು ಕಾರಣಕ್ಕೆ ತೆಗೆದುಕೊಂಡ ತೀರ್ಮಾನ. ಆ ತೀರ್ಮಾನ ತೆಗೆದುಕೊಂಡವರ ಹೆಸರು, ವರ್ಷ, ಸರ್ಕಾರಿ ಆದೇಶ ಎಲ್ಲವೂ ಸಿಗುತ್ತವೆ. ಇಪ್ಪತ್ತನೇ ಶತಮಾನದ ಮೊದಲ ಮೂರು ದಶಕಗಳನ್ನು ನೋಡಿದರೆ ಸಾಕು. ಮೈಸೂರು, ಮದರಾಸು, ಧಾರವಾಡದ ಕಡೆ ಆಗ ನಡೆದದ್ದು ಇಂದಿನ ಜಾತ್ರೆಯ ಸುದ್ದಿಯ ಹಳೆಯ ಪ್ರತಿ.

ಪದ ಎಲ್ಲಿಂದ ಬಂತು?

ಸಂಸ್ಕೃತದ ಅಲಂಕಾರಶಾಸ್ತ್ರದಲ್ಲಿ ಅಶ್ಲೀಲ ಎನ್ನುವುದು ಕಾವ್ಯದೋಷಗಳಲ್ಲಿ ಒಂದು. ಅದರಲ್ಲಿ ಮೂರು ಬಗೆ. ನಾಚಿಕೆ ಹುಟ್ಟಿಸುವುದು ಒಂದು, ಜುಗುಪ್ಸೆ ಹುಟ್ಟಿಸುವುದು ಇನ್ನೊಂದು, ಅಮಂಗಳವನ್ನು ಸೂಚಿಸುವುದು ಮೂರನೆಯದು. ಅಂದರೆ ಮದುವೆ ಮನೆಯ ಪದ್ಯದಲ್ಲಿ ಸಾವಿನ ನೆನಪು ತರುವ ಪದ ಬಂದರೆ ಅದೂ ಅಶ್ಲೀಲವೇ. ಇದು ಕವಿಗೆ ಹೇಳುವ ಬುದ್ಧಿಮಾತು. ಪೊಲೀಸರಿಗೂ ಇದಕ್ಕೂ ಸಂಬಂಧವಿಲ್ಲ. ಇದೇ ದೋಷಗಳ ಪಟ್ಟಿಯಲ್ಲಿ ‘ಗ್ರಾಮ್ಯ’ ಎಂಬುದೂ ಇದೆ. ಹಳ್ಳಿಗರ ಮಾತಿನಂತೆ ಒರಟಾದದ್ದು ಎಂದರ್ಥ. ಹಳ್ಳಿಯಿಂದ ಬಂದು ವರದಿ ಬರೆಯುವ ನಮಗೆ ಇದು ನೆನಪಿರಬೇಕು. ಒರಟುತನಕ್ಕೆ ಹೆಸರಿಡುವ ಹೊತ್ತಿಗೆ ಪಂಡಿತರಿಗೆ ಹೊಳೆದದ್ದು ನಮ್ಮ ಊರು.

ಕಾವ್ಯದ ದೋಷವಾಗಿದ್ದ ಅಶ್ಲೀಲ ಅಪರಾಧವಾದದ್ದು ಬ್ರಿಟಿಷರ ಕಾಲದಲ್ಲಿ. 1860ರ ಭಾರತೀಯ ದಂಡ ಸಂಹಿತೆಯ 292ನೇ ಕಲಂ ಅಶ್ಲೀಲ ಪುಸ್ತಕ, ಚಿತ್ರಗಳ ಮಾರಾಟವನ್ನು ಅಪರಾಧವೆಂದಿತು. 294ನೇ ಕಲಂ ಸಾರ್ವಜನಿಕ ಸ್ಥಳದ ಅಶ್ಲೀಲ ಹಾಡು, ಲಾವಣಿ, ಮಾತುಗಳನ್ನು ಅಪರಾಧವೆಂದಿತು. ಅಶ್ಲೀಲ ಅಂದರೇನು ಎಂದು ಮಾತ್ರ ಕಾನೂನು ಹೇಳಲಿಲ್ಲ. 292ನೇ ಕಲಂಗೆ ಒಂದು ವಿವರಣೆ ಸೇರಿದ್ದು 1969ರ ತಿದ್ದುಪಡಿಯಲ್ಲಿ. ಅಲ್ಲಿಯವರೆಗೆ ನೂರಕ್ಕೂ ಹೆಚ್ಚು ವರ್ಷ ಈ ದೇಶದಲ್ಲಿ ಜನರ ಮೇಲೆ ಕೇಸು ಹಾಕಿದ್ದು, ಪುಸ್ತಕ ಜಪ್ತಿ ಮಾಡಿದ್ದು ವಿವರಣೆಯೇ ಇಲ್ಲದ ಒಂದು ಪದದ ಮೇಲೆ. ನ್ಯಾಯಾಲಯಗಳು 1868ರ ಒಂದು ಇಂಗ್ಲಿಷ್ ತೀರ್ಪನ್ನು ಆಧಾರವಾಗಿ ಇಟ್ಟುಕೊಂಡವು. ಕೆಡುವ ಸ್ವಭಾವದವರ ಕೈಗೆ ಸಿಕ್ಕರೆ ಅವರನ್ನು ಕೆಡಿಸಬಲ್ಲದೇ ಎಂಬುದು ಅದರ ಅಳತೆಗೋಲು. ಓದುವ ಸಾಹೇಬರು ಕೆಡುವುದಿಲ್ಲ, ಕೆಡುವವರು ಯಾವಾಗಲೂ ಬೇರೆಯವರು.

ಅದೇ 292ನೇ ಕಲಂನಲ್ಲಿ ಒಂದು ವಿನಾಯಿತಿ ಇತ್ತು. ದೇವಸ್ಥಾನದ ಮೇಲಿನ ಕೆತ್ತನೆ, ದೇವರ ತೇರಿನ ಮೇಲಿನ ಚಿತ್ರಗಳಿಗೆ ಈ ಕಾನೂನು ಅನ್ವಯಿಸದು. ನಮ್ಮ ಕಡೆಯ ಹಳೆಯ ತೇರುಗಳ ಕೆಳಗಟ್ಟಿನ ಮರದ ಕೆತ್ತನೆಯನ್ನು ಹತ್ತಿರ ನಿಂತು ನೋಡಿದವರಿಗೆ ಈ ವಿನಾಯಿತಿ ಏಕೆ ಬೇಕಾಯಿತೆಂದು ಹೇಳಬೇಕಾಗಿಲ್ಲ. ತೇರಿನ ಮೇಲೆ ಕೆತ್ತಿದರೆ ಧರ್ಮ, ತೇರಿನ ಮುಂದೆ ಹೆಣ್ಣು ಹಾಡಿದರೆ ಅಪರಾಧ. ಗೊಂದಲ ಕಾನೂನಿನ ಹುಟ್ಟಿನಲ್ಲೇ ಇತ್ತು.

ಗವರ್ನರಿಗೆ ಕಾಣದ್ದು

1893ರಲ್ಲಿ ಮದರಾಸಿನ ಹಿಂದೂ ಸಮಾಜ ಸುಧಾರಣಾ ಸಂಘದವರು ವೈಸ್‌ರಾಯ್‌ಗೂ ಮದರಾಸಿನ ಗವರ್ನರ್‌ಗೂ ಒಂದು ಮನವಿ ಕೊಟ್ಟರು. ದೇವದಾಸಿಯರ ನಾಚ್ ಇರುವ ಸಮಾರಂಭಗಳಿಗೆ ದಯವಿಟ್ಟು ಹೋಗಬೇಡಿ, ದೊಡ್ಡವರು ಹೋದರೆ ಅನೀತಿಗೆ ಮರ್ಯಾದೆ ಸಿಕ್ಕಂತಾಗುತ್ತದೆ ಎಂದು. ಇಬ್ಬರೂ ಒಪ್ಪಲಿಲ್ಲ. ಅಂಥ ಸಮಾರಂಭಗಳಿಗೆ ಹೋಗಿದ್ದೇವೆ, ಅನುಚಿತವಾದದ್ದೇನೂ ಕಾಣಲಿಲ್ಲ, ಕುಣಿಯುವುದು ಅವರ ವೃತ್ತಿ ಎಂಬ ಅರ್ಥದ ಉತ್ತರ ಬಂತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಅಧಿಕಾರಿಗಳಿಗೆ ಕಾಣದ ಅಶ್ಲೀಲತೆ ಇಂಗ್ಲಿಷ್ ಓದಿದ ನಮ್ಮ ವಕೀಲರಿಗೆ, ಮೇಷ್ಟ್ರುಗಳಿಗೆ, ಪತ್ರಿಕಾ ಸಂಪಾದಕರಿಗೆ ಕಂಡಿತ್ತು. ಅವರ ಅಜ್ಜಂದಿರ ಮನೆಯ ಮದುವೆಗಳಲ್ಲಿ ಅದೇ ನಾಚ್ ಇಲ್ಲದಿದ್ದರೆ ಮದುವೆಗೆ ಕಳೆ ಇರುತ್ತಿರಲಿಲ್ಲ. ಒಂದೆರಡು ತಲೆಮಾರಿನಲ್ಲಿ ಕುಣಿತ ಬದಲಾಗಿರಲಿಲ್ಲ, ಮುದ್ರೆಗಳು ಬದಲಾಗಿರಲಿಲ್ಲ, ಪದಗಳು ಅವೇ ಪದಗಳು. ನೋಡುವವನು ಬದಲಾಗಿದ್ದ. ಅವನಿಗೆ ಈಗ ಕಚೇರಿಯಲ್ಲಿ ಕೆಲಸವಿತ್ತು, ಹೆಂಡತಿಗೆ ಓದು ಕಲಿಸಬೇಕಿತ್ತು, ತನ್ನದು ಮರ್ಯಾದಸ್ಥರ ಸಮಾಜ ಎಂದು ಆಳುವವರಿಗೆ ತೋರಿಸಬೇಕಿತ್ತು.

ಮೈಸೂರು ಸಂಸ್ಥಾನ ಇದರಲ್ಲಿ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದೆ ಹೋಯಿತು. 1909ರಲ್ಲಿ ಸರ್ಕಾರ ಆದೇಶ ಹೊರಡಿಸಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮಾದರಿ ಸಂಸ್ಥಾನದ ಹೆಗ್ಗಳಿಕೆಗಳ ಪಟ್ಟಿಯಲ್ಲಿ ಇದೂ ಸೇರಿದೆ. ಇದರ ಮರುವರ್ಷವೇ, ಇದೇ ಸಂಸ್ಥಾನದ ನಂಜನಗೂಡಿನಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು ಮದರಾಸಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದರು.

ನಾಗರತ್ನಮ್ಮನವರ ಪ್ರಶ್ನೆ

ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ. ತಾಯಿ ಪುಟ್ಟಲಕ್ಷ್ಮಿ. ದೇವದಾಸಿ ಮನೆತನ. ಮೈಸೂರಿನಲ್ಲಿ ಸಂಸ್ಕೃತ, ಸಂಗೀತ ಕಲಿತು, ಎಳೆಯ ವಯಸ್ಸಿನಲ್ಲೇ ಮೈಸೂರು ಅರಮನೆಯಲ್ಲಿ ಹಾಡಿ, ಬೆಂಗಳೂರಿನಲ್ಲಿ ಹೆಸರು ಮಾಡಿ, ಮುಂದೆ ಮದರಾಸಿಗೆ ಹೋಗಿ ನೆಲೆಸಿದರು. ಕನ್ನಡ, ತೆಲುಗು, ಸಂಸ್ಕೃತ ಮೂರರಲ್ಲೂ ಓದಿಕೊಂಡಿದ್ದವರು.

ಅವರು ಅಚ್ಚು ಹಾಕಿಸಿದ್ದು ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಕಾವ್ಯ. ಬರೆದವಳು ಮುದ್ದುಪಳನಿ, ಹದಿನೆಂಟನೇ ಶತಮಾನದ ತಂಜಾವೂರಿನ ಮರಾಠಾ ದೊರೆ ಪ್ರತಾಪಸಿಂಹನ ಆಸ್ಥಾನದ ಗಣಿಕೆ. ಕತೆ ಹೀಗೆ: ರಾಧೆ ತಾನೇ ಸಾಕಿ ಬೆಳೆಸಿದ ಇಳೆಯನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡಿಸುತ್ತಾಳೆ, ಇಬ್ಬರಿಗೂ ಬುದ್ಧಿ ಹೇಳಿ ಕಳಿಸುತ್ತಾಳೆ, ಆಮೇಲೆ ವಿರಹ ಮತ್ತು ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಾಳೆ. ಕಡೆಗೆ ಕೃಷ್ಣ ಬಂದು ಆಕೆಯನ್ನು ಸಂತೈಸುತ್ತಾನೆ. ಇದರಲ್ಲಿ ಹೆಣ್ಣು ತನ್ನ ಬಯಕೆಯನ್ನು ತಾನೇ ಹೇಳಿಕೊಳ್ಳುತ್ತಾಳೆ, ತಾನೇ ಮುಂದಾಗುತ್ತಾಳೆ.

ಈ ಕಾವ್ಯ 1887ರಲ್ಲೇ ಒಮ್ಮೆ ಅಚ್ಚಾಗಿತ್ತು. ಆದರೆ ಆ ಸಂಪಾದಕರು ಪೀಠಿಕೆಯ ಭಾಗವನ್ನೂ ಕೆಲವು ಪದ್ಯಗಳನ್ನೂ ಕೈಬಿಟ್ಟಿದ್ದರು. ಆ ಪೀಠಿಕೆಯಲ್ಲಿ ಮುದ್ದುಪಳನಿ ತನ್ನ ವಂಶವನ್ನು ಹೇಳಿಕೊಂಡಿದ್ದಳು, ಅಜ್ಜಿ ತಂಜನಾಯಕಿಯ ಹೆಸರನ್ನು ಹೆಮ್ಮೆಯಿಂದ ಹೇಳಿದ್ದಳು. ಬರೆದದ್ದು ಯಾರು, ಎಂಥ ಮನೆಯವಳು ಎಂಬುದೇ ಅಚ್ಚಿನಲ್ಲಿ ಅಳಿಸಿಹೋಗಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ ತರಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅವರ ಪ್ರಕಾಶನದಿಂದ ಹೊರತಂದರು. ಮುನ್ನುಡಿಯನ್ನೂ ತಾವೇ ಬರೆದರು.

ಆ ಮುನ್ನುಡಿಯಲ್ಲಿ ಅವರು ಎದುರು ಹಾಕಿಕೊಂಡದ್ದು ಸಾಮಾನ್ಯರನ್ನಲ್ಲ. ಕಂದುಕೂರಿ ವೀರೇಶಲಿಂಗಂ ಪಂತುಲು ಅವರನ್ನು. 1881ರಲ್ಲಿ ರಾಜಮಂಡ್ರಿಯಲ್ಲಿ ವಿಧವಾ ವಿವಾಹ ಮಾಡಿಸಿದವರು, ಹೆಣ್ಣುಮಕ್ಕಳ ಶಾಲೆಗೆ ದುಡಿದವರು, ತೆಲುಗಿನ ಆಧುನಿಕ ಗದ್ಯದ ಹಿರಿಯರು. ಅವರ ಬಗ್ಗೆ ನಮಗೆ ಗೌರವವಿದೆ, ಇರಲೂಬೇಕು. ಆದರೆ ತೆಲುಗು ಕವಿಗಳ ಚರಿತ್ರೆ ಬರೆಯುವಾಗ ಅವರು ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಕೊಂಡೂ, ಆಕೆಯ ನಡತೆಯನ್ನು ಹಳಿದು, ಕಾವ್ಯದ ಹಲವು ಭಾಗಗಳು ಹೆಂಗಸೊಬ್ಬಳ ಬಾಯಲ್ಲಿ ಬರುವುದಿರಲಿ, ಹೆಂಗಸಿನ ಕಿವಿಗೂ ಬೀಳಬಾರದಂಥವು ಎಂಬ ಧಾಟಿಯಲ್ಲಿ ಬರೆದರು.

ನಾಗರತ್ನಮ್ಮ ಕೇಳಿದ್ದು ಸರಳವಾದ ಪ್ರಶ್ನೆ. ಈ ನಾಚಿಕೆ, ಮರ್ಯಾದೆಯೆಲ್ಲ ಹೆಂಗಸರಿಗೆ ಮಾತ್ರವೋ, ಗಂಡಸರಿಗೂ ಇದೆಯೋ? ಸಭ್ಯ ಗಂಡಸರು ಇದಕ್ಕಿಂತ ಮುಂದೆ ಹೋಗಿ ಬರೆದ ಶೃಂಗಾರ ಕಾವ್ಯಗಳು ಬೇಕಾದಷ್ಟಿವೆ, ಪಂತುಲು ಅವರೇ ಒಪ್ಪಿಕೊಂಡ ಪುಸ್ತಕಗಳಲ್ಲೂ ಅಂಥ ವರ್ಣನೆಗಳಿವೆ, ಅವಕ್ಕಿಲ್ಲದ ದೋಷ ಇದಕ್ಕೆ ಮಾತ್ರ ಹೇಗೆ ಬಂತು?

ಇದಕ್ಕೆ ಉತ್ತರ ಸಿಗಲಿಲ್ಲ. ಸಿಕ್ಕಿದ್ದು ಬೈಗುಳ. ಒಬ್ಬ ವೇಶ್ಯೆ ಬರೆದದ್ದನ್ನು ಇನ್ನೊಬ್ಬ ವೇಶ್ಯೆ ಅಚ್ಚು ಹಾಕಿಸಿದ್ದಾಳೆ ಎಂಬರ್ಥದ ವಿಮರ್ಶೆ ತೆಲುಗು ಪತ್ರಿಕೆಯಲ್ಲಿ ಬಂತು. ಇಲ್ಲಿಯೂ ಪತ್ರಿಕೆಯೇ ಮೊದಲು, ಪೊಲೀಸರು ಆಮೇಲೆ. 1911ರಲ್ಲಿ ಮದರಾಸು ಸರ್ಕಾರ ಪುಸ್ತಕದ ಮೇಲೆ ಕ್ರಮ ಕೈಗೊಂಡಿತು. ಪ್ರತಿಗಳು ಜಪ್ತಿಯಾದವು. ಪಂಡಿತರು ಇದನ್ನು ವಿರೋಧಿಸಿ ಮನವಿ ಕೊಟ್ಟರೂ ಪ್ರಯೋಜನವಾಗಲಿಲ್ಲ. ನಿಷೇಧ ತೆರವಾದದ್ದು 1947ರಲ್ಲಿ, ಟಂಗುಟೂರಿ ಪ್ರಕಾಶಂ ಮದರಾಸು ಪ್ರಾಂತದ ಸರ್ಕಾರ ನಡೆಸುತ್ತಿದ್ದಾಗ. 1952ರಲ್ಲಿ ಪುಸ್ತಕ ಮತ್ತೆ ಅಚ್ಚಾಯಿತು. ಅದೇ ವರ್ಷ ನಾಗರತ್ನಮ್ಮ ತೀರಿಕೊಂಡರು.

ಸುಮಾರು ನೂರೈವತ್ತು ವರ್ಷ ಓಲೆಗರಿಯಲ್ಲಿ ಯಾರಿಗೂ ಅಶ್ಲೀಲವೆನಿಸದ ಕಾವ್ಯ ಅದು. 1887ರ ಅಚ್ಚಿಗೆ ಸರ್ಕಾರ ತಲೆಕೆಡಿಸಿಕೊಳ್ಳಲಿಲ್ಲ. ಗಣಿಕೆಯ ಹೆಸರು, ಅವಳ ಅಜ್ಜಿಯ ಹೆಸರು, ಸಂಪಾದಕಿಯ ಹೆಸರು ಮೂರೂ ಮುಖಕ್ಕೆ ಬಂದು ನಿಂತಾಗ ಅದು ಅಪರಾಧವಾಯಿತು. ಪದ್ಯಗಳಿಗಿಂತ ಪೀಠಿಕೆ ಹೆಚ್ಚು ಚುಚ್ಚಿತು ಎಂಬುದೇ ನಮ್ಮ ವಾದ.

ಇದೇ ನಾಗರತ್ನಮ್ಮ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಹಣದಿಂದ ಗುಡಿ ಕಟ್ಟಿಸಿದರು. ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂಬ ಕಟ್ಟುಪಾಡಿದ್ದಾಗ ಹೆಂಗಸರದೇ ಬೇರೆ ಆರಾಧನೆ ನಡೆಸಿ ಹಾಡಿಸಿದರು. ಇವತ್ತು ಅವರ ಹೆಸರು ಎಲ್ಲಾದರೂ ಬಂದರೆ ಬರುವುದು ಈ ಗುಡಿಯ ವಿಷಯಕ್ಕೆ, ಭಕ್ತೆ ಎಂದು. ಮುನ್ನುಡಿಯಲ್ಲಿ ಕೇಳಿದ ಪ್ರಶ್ನೆಯ ಸುದ್ದಿ ಬರುವುದು ಕಡಿಮೆ. ಭಕ್ತೆಯನ್ನು ಒಪ್ಪಿಕೊಳ್ಳುವುದು ಸುಲಭ, ತಕರಾರು ಎತ್ತಿದವಳನ್ನು ಒಪ್ಪಿಕೊಳ್ಳುವುದು ಕಷ್ಟ.

ಸೀರೆ ಉಟ್ಟ ಗಂಡಸು, ಬೀದಿಯಲ್ಲಿ ನಡೆದ ಹುಡುಗಿ

ಪುಸ್ತಕದ ಮಾತಾಯಿತು. ಅದೇ ಕಾಲದ ರಂಗಭೂಮಿ ನೋಡಿ. ಬಾಲಗಂಧರ್ವರು ಮರಾಠಿ ರಂಗದ ಮೇಲೆ ಹೆಣ್ಣಾಗಿ ಬಂದರೆ ಜನ ಮುಗಿಬೀಳುತ್ತಿದ್ದರು. ಅವರು ಸೀರೆ ಉಡುವ ರೀತಿ, ಹೂ ಮುಡಿಯುವ ರೀತಿಯನ್ನು ಗೃಹಿಣಿಯರು ಅನುಕರಿಸುತ್ತಿದ್ದರು. ಗಂಡಸು ಹೆಣ್ಣಿನ ಒನಪು ತೋರಿಸಿದರೆ ಕಲೆ. ಹೆಣ್ಣೇ ರಂಗದ ಮೇಲೆ ಬಂದರೆ? 1913ರಲ್ಲಿ ದಾದಾಸಾಹೇಬ್ ಫಾಲ್ಕೆ ‘ರಾಜಾ ಹರಿಶ್ಚಂದ್ರ’ ಚಿತ್ರ ತೆಗೆಯುವಾಗ ತಾರಾಮತಿಯ ಪಾತ್ರಕ್ಕೆ ಹೆಂಗಸರೇ ಸಿಗಲಿಲ್ಲ. ಕ್ಯಾಮೆರಾ ಮುಂದೆ ನಿಲ್ಲುವುದು ಅಷ್ಟು ಹೀನ ಕೆಲಸ ಎಂಬ ಭಾವನೆ ಇತ್ತು. ಕಡೆಗೆ ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ಸಾಳುಂಕೆ ಎಂಬ ಹುಡುಗ ಭಾರತದ ಮೊದಲ ನಾಯಕಿಯಾದ. ಪತಿವ್ರತೆಯ ಪಾತ್ರವನ್ನು ಹೆಣ್ಣು ಮಾಡಿದರೆ ಮರ್ಯಾದೆ ಹೋಗುತ್ತಿತ್ತು, ಗಂಡು ಮಾಡಿದರೆ ಉಳಿಯುತ್ತಿತ್ತು.

ನಮ್ಮ ಧಾರವಾಡಕ್ಕೆ ಬನ್ನಿ. ಕುಂದಗೋಳದ ಸವಾಯಿ ಗಂಧರ್ವರು ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ ಹೆಸರಾದವರು. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಹಾಡಿದಾಗ ಅವರಿಗೆ ಹನ್ನೊಂದು ವರ್ಷ. ಹಾಡಿನ ಭಯಕ್ಕಿಂತ, ತನ್ನ ಜಾತಿ ನೋಡಿ ಊಟದ ಎಲೆ ಎತ್ತಲು ಹೇಳುತ್ತಾರೇನೋ ಎಂಬ ಭಯ ದೊಡ್ಡದಿತ್ತು ಎಂದು ಅವರು ನೆನಪಿಸಿಕೊಂಡಿದ್ದಾರೆ. ಸಂಗೀತ ಕಲಿಯುತ್ತಿದ್ದ ದಿನಗಳಲ್ಲಿ ಬೀದಿಯಲ್ಲಿ ಹೋಗುವಾಗ ಜನ ‘ಗಾನೇವಾಲಿ’ ಎಂದು ಹಂಗಿಸುತ್ತಿದ್ದುದನ್ನೂ ಹೇಳಿದ್ದಾರೆ. ಸ್ತ್ರೀವೇಷ ಹಾಕಿದ ಗುರುವಿಗೆ ಬಿರುದು ಬಂತು, ಸುಮ್ಮನೆ ಬೀದಿಯಲ್ಲಿ ನಡೆದ ಶಿಷ್ಯೆಗೆ ಮೂದಲಿಕೆ ಬಂತು. ಹಾಡುವ ಗಂಡಸು ಮುಸ್ಲಿಮನಾದರೆ ಉಸ್ತಾದ್, ಹಿಂದೂವಾದರೆ ಪಂಡಿತ್, ಹೆಂಗಸು ಮಾತ್ರ ಬಾಯಿಯಾಗಿಯೇ ಉಳಿಯುತ್ತಾಳೆ ಎಂದು ಮುಂದೆ ಗಂಗೂಬಾಯಿಯವರೇ ಹೇಳಿದರು. ಇದರಲ್ಲಿ ಕಹಿ ಇದೆಯೋ ಹಾಸ್ಯ ಇದೆಯೋ ಓದುಗರೇ ತೀರ್ಮಾನಿಸಲಿ.

ಇನ್ನು ದೇವದಾಸಿಯರ ಕುಣಿತದ ಗತಿ. 1893ರಲ್ಲಿ ಅನೀತಿ ಎನಿಸಿಕೊಂಡ ಸದಿರ್, 1930ರ ದಶಕದ ಆರಂಭದಲ್ಲಿ ಭರತನಾಟ್ಯ ಎಂಬ ಹೆಸರು ಪಡೆದು ಮದರಾಸು ಸಂಗೀತ ಅಕಾಡೆಮಿಯ ವೇದಿಕೆ ಏರಿತು. 1935ರಲ್ಲಿ ರುಕ್ಮಿಣಿ ದೇವಿ ಅಡಯಾರಿನ ಥಿಯೊಸಾಫಿಕಲ್ ಸೊಸೈಟಿಯಲ್ಲಿ ಅದನ್ನು ಪ್ರದರ್ಶಿಸಿದರು. ಶೃಂಗಾರವನ್ನು ತಗ್ಗಿಸಿ, ಭಕ್ತಿಯನ್ನು ಮುಂದಿಟ್ಟರು. ಮೇಲ್ಜಾತಿಯ ಮನೆಯ ಹುಡುಗಿಯರು ಕಲಿಯತೊಡಗಿದರು. ಇವತ್ತು ಮಗಳ ರಂಗಪ್ರವೇಶದ ಆಮಂತ್ರಣ ಹಂಚುವ ಮನೆಯವರಿಗೆ ಅದು ಪವಿತ್ರ ಕಲೆ. ನಲವತ್ತು ವರ್ಷದಲ್ಲಿ ಒಂದು ಕುಣಿತ ವೃತ್ತಿಯಿಂದ ಅನೀತಿಗೆ, ಅನೀತಿಯಿಂದ ಪವಿತ್ರತೆಗೆ ಪಯಣಿಸಿತು. ಅದನ್ನು ಶತಮಾನಗಳಿಂದ ಜೋಪಾನ ಮಾಡಿದ ಹೆಂಗಸರಿಗೆ ಆ ಪಯಣದಲ್ಲಿ ಜಾಗ ಸಿಗಲಿಲ್ಲ.

ಹಾಗಾದರೆ ಸುಧಾರಕರು ತಪ್ಪೇ?

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು. ದೇವದಾಸಿ ಪದ್ಧತಿಯನ್ನು ಹೊಗಳಲು ನಾವು ಕೂತಿಲ್ಲ. ಎಳೆಯ ಹುಡುಗಿಗೆ ಮುತ್ತು ಕಟ್ಟುವುದು ಏನೆಂಬುದು ಉತ್ತರ ಕರ್ನಾಟಕದ ನಮ್ಮ ತಾಲ್ಲೂಕುಗಳಲ್ಲಿ ಪುಸ್ತಕದ ಮಾತಲ್ಲ. 1982ರಲ್ಲಿ ಕರ್ನಾಟಕ ಅದನ್ನು ನಿಷೇಧಿಸುವ ಕಾಯ್ದೆ ತಂದದ್ದು ಸುಮ್ಮನೆ ಅಲ್ಲ. ಅದರ ವಿರುದ್ಧ ಹೋರಾಡಿದವರಲ್ಲಿ ಅದೇ ಕುಲದ ಹೆಂಗಸರೂ ಇದ್ದರು. ಮದರಾಸು ಶಾಸನಸಭೆಯಲ್ಲಿ ಈ ವಿಷಯ ಎತ್ತಿದ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ಅವರ ತಾಯಿ ದೇವದಾಸಿ ಕುಲದವರು. ಮೂವಲೂರು ರಾಮಾಮೃತಂ ಅಮ್ಮಾಳ್ ಅದೇ ಬದುಕಿನಿಂದ ಹೊರಬಂದು ಹಳ್ಳಿಹಳ್ಳಿ ತಿರುಗಿದವರು. ಇನ್ನೊಂದು ಕಡೆ, ಮುತ್ತುಲಕ್ಷ್ಮಿಯವರ ಪ್ರಸ್ತಾಪವನ್ನು ವಿರೋಧಿಸಿದ ದೇವದಾಸಿಯರ ಸಂಘದಲ್ಲಿ ನಾಗರತ್ನಮ್ಮ ಇದ್ದರು. ತಮ್ಮ ಕಲೆ, ಆಸ್ತಿ, ಹಕ್ಕುಗಳ ಬಗ್ಗೆ ತಮ್ಮನ್ನು ಕೇಳದೆ ತೀರ್ಮಾನಿಸಬೇಡಿ ಎಂಬುದು ಅವರ ಮಾತು. ಇಬ್ಬರ ಮಾತಿನಲ್ಲೂ ಹುರುಳಿದೆ. ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳುವುದು ಸಾಧ್ಯವಿತ್ತು.

ಸಾಧ್ಯವಾಗದಂತೆ ಮಾಡಿದ್ದು ಅಶ್ಲೀಲ ಎಂಬ ಪದ. ಹುಡುಗಿಗೆ ಅನ್ಯಾಯವಾಗುತ್ತಿದೆ ಎಂದು ಹೇಳಿದರೆ ಮುಂದಿನ ಪ್ರಶ್ನೆ, ಅನ್ಯಾಯ ಮಾಡಿದವರು ಯಾರು ಎಂಬುದು. ಆಗ ಜಮೀನ್ದಾರರ, ಧರ್ಮದರ್ಶಿಗಳ, ವಕೀಲರ ಹೆಸರುಗಳು ಬರುತ್ತಿದ್ದವು. ಹುಡುಗಿಯೇ ಅಶ್ಲೀಲ ಎಂದುಬಿಟ್ಟರೆ ಆ ಪ್ರಶ್ನೆ ಏಳುವುದೇ ಇಲ್ಲ. ಅವಳನ್ನು ದೇವಸ್ಥಾನದಿಂದ, ಮದುವೆಮನೆಯಿಂದ, ರಂಗದಿಂದ ತೆಗೆದುಹಾಕಿದರೆ ಊರು ಶುದ್ಧವಾಯಿತು. ಅವಳ ಮನೆಗೆ ಹೋಗಿಬರುತ್ತಿದ್ದ ಗಂಡಸಿನ ಶಾಲು, ರುಮಾಲು ಹಾಗೇ ಉಳಿದವು. ಮೈಸೂರಿನ 1909ರ ಆದೇಶದಿಂದ ಸೇವೆ ಹೋಯಿತು, ಸೇವೆ ಮಾಡುತ್ತಿದ್ದವಳಿಗೆ ಬೇರೆ ಬದುಕು ಕಟ್ಟಿಕೊಡುವ ಕೆಲಸ ಅದರ ಜೊತೆಯಲ್ಲಿ ಬರಲಿಲ್ಲ. ದೇವಸ್ಥಾನದ ಸೇವೆ, ಮರ್ಯಾದಸ್ಥರ ಪೋಷಣೆ ಎರಡೂ ಕೈತಪ್ಪಿದ ಮೇಲೆ ಹೆಂಗಸರು ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋದರು. ಆಮೇಲೆ ಅದನ್ನೇ ತೋರಿಸಿ, ನೋಡಿ ನಾವು ಹೇಳಿರಲಿಲ್ಲವೇ ಎಂದದ್ದೂ ಆಯಿತು.

ಅದೇ ಅಳತೆ, ಇವತ್ತಿಗೂ

ಇದೆಲ್ಲ ನೂರು ವರ್ಷದ ಹಿಂದಿನ ಕತೆ ಎನ್ನುವವರಿಗೆ ಪಕ್ಕದ ರಾಜ್ಯದ ಉದಾಹರಣೆ ಕೊಡುತ್ತೇವೆ. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಬಾರ್‌ಗಳಲ್ಲಿ ಹೆಂಗಸರ ಕುಣಿತವನ್ನು ನಿಷೇಧಿಸಿತು. ಅದೇ ಕಾನೂನು ತ್ರೀ ಸ್ಟಾರ್ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ ವಿನಾಯಿತಿ ಕೊಟ್ಟಿತು. ಬಿಯರ್ ಬಾರಿನಲ್ಲಿ ಅಶ್ಲೀಲವಾದದ್ದು ಸ್ಟಾರ್ ಹೋಟೆಲಿನಲ್ಲಿ ಅಲ್ಲ! 2013ರಲ್ಲಿ ಸುಪ್ರೀಂ ಕೋರ್ಟ್ ಈ ಭೇದವನ್ನು ಒಪ್ಪದೆ ನಿಷೇಧವನ್ನು ರದ್ದು ಮಾಡಿತು. ಅಷ್ಟರಲ್ಲಿ ಎಂಟು ವರ್ಷ ಕಳೆದಿತ್ತು, ಸಾವಿರಾರು ಹೆಂಗಸರ ಹೊಟ್ಟೆಪಾಡು ಹೋಗಿತ್ತು. 1860ರ ತೇರಿನ ವಿನಾಯಿತಿಗೂ 2005ರ ಸ್ಟಾರ್ ಹೋಟೆಲಿನ ವಿನಾಯಿತಿಗೂ ನಮಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ನಮ್ಮಲ್ಲೂ ನೋಡಿ. ಒಂದು ಸಿನಿಮಾ ಹಾಡಿಗೆ ಟಿವಿ ಸ್ಟುಡಿಯೋದಲ್ಲಿ ಎಂಟು ವರ್ಷದ ಮಗು ಸೊಂಟ ಕುಣಿಸಿದರೆ ತೀರ್ಪುಗಾರರು ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ಅದು ಪ್ರತಿಭೆ. ಅದೇ ಹಾಡಿಗೆ ಅದೇ ಹೆಜ್ಜೆಯನ್ನು ಇಪ್ಪತ್ತೈದರ ಹೆಂಗಸು ಊರ ಜಾತ್ರೆಯ ಹಲಗೆಯ ಮೇಲೆ ಹಾಕಿದರೆ ಅಶ್ಲೀಲ. ಬಾದಾಮಿಯ ಬನಶಂಕರಿ ಜಾತ್ರೆಗೆ ವರ್ಷವೂ ಕಂಪನಿ ನಾಟಕಗಳು ಬಂದು ಟೆಂಟು ಹಾಕುತ್ತವೆ. ಅವುಗಳ ದ್ವಂದ್ವಾರ್ಥದ ಸಂಭಾಷಣೆಯ ಬಗ್ಗೆ ಬರೆಯುವಾಗ ನಮ್ಮವರ ಕಣ್ಣು ನೇರವಾಗಿ ಹೋಗುವುದು ನಟಿಯ ಮೇಲೆ. ಆ ಮಾತು ಬರೆದವನು ಗಂಡಸು, ಬರೆಸಿದ ಮಾಲೀಕ ಗಂಡಸು, ಒನ್ಸ್ ಮೋರ್ ಎಂದು ಕೂಗಿದವರು ಗಂಡಸರು. ಕೂಲಿಗೆ ಆ ಮಾತನ್ನು ಆಡಿದವಳು ಸುದ್ದಿಯ ನಾಯಕಿ.

ನಾವು ಎಲ್ಲ ಕುಣಿತವೂ ಚೆಂದ, ಎಲ್ಲ ಮಾತೂ ಸರಿ ಎಂದು ವಾದಿಸುತ್ತಿಲ್ಲ. ಕೀಳು ಅಭಿರುಚಿ ಇದೆ, ಅದನ್ನು ಟೀಕಿಸುವ ಹಕ್ಕೂ ಇದೆ. ಟೀಕಿಸುವವರು ಅಂಕಣದಲ್ಲಿ, ತಮ್ಮ ಹೆಸರು ಹಾಕಿ ಟೀಕಿಸಲಿ. ವರದಿಯಲ್ಲಿ ಮಾತ್ರ ಬೇಡ. ಏಕೆಂದರೆ ವರದಿಯ ಆ ಪದ ಅಲ್ಲಿಗೇ ನಿಲ್ಲುವುದಿಲ್ಲ. ಮಾರನೆಯ ದಿನ ಅದೇ ಕತ್ತರಿಸಿದ ತುಣುಕು ದೂರಿನ ಜೊತೆ ಠಾಣೆಗೆ ಹೋಗುತ್ತದೆ. ಹಳೆಯ 294ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಂ ಆಗಿದೆ. ಮೂರು ತಿಂಗಳವರೆಗೆ ಜೈಲು ಆಗಬಹುದು. ಆ ಕಲಂ ಕೂಡ ಬರಿಯ ಅಶ್ಲೀಲ ಎಂದು ನಿಲ್ಲುವುದಿಲ್ಲ, ಇತರರಿಗೆ ಕಿರಿಕಿರಿ ಆಗಿರಬೇಕು ಎನ್ನುತ್ತದೆ. ಅಂದರೆ ಕಾನೂನಿಗೇ ಬೇಕಾದ ಪ್ರಶ್ನೆಯನ್ನು ನಮ್ಮ ವರದಿಗಾರರು ಕೇಳುವುದಿಲ್ಲ.

ಆ ಪ್ರಶ್ನೆಗಳನ್ನು ಇಲ್ಲಿ ಇಡುತ್ತೇವೆ, ಮುಂದಿನ ಜಾತ್ರೆಗೆ ಹೋಗುವ ಗೆಳೆಯ ಗೆಳತಿಯರು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಕಿರಿಕಿರಿಯಾಯಿತು ಎಂದವರು ಯಾರು, ದೂರು ಕೊಟ್ಟವರ ಹೆಸರೇನು? ಕಾರ್ಯಕ್ರಮ ಏರ್ಪಡಿಸಿದವರು ಯಾರು, ಹಣ ಎಲ್ಲಿಂದ ಬಂತು, ಪೊಲೀಸ್ ಪರವಾನಗಿ ಇತ್ತೇ? ಕುಣಿಯಲು ಬಂದವರಲ್ಲಿ ಹದಿನೆಂಟು ತುಂಬದವರು ಇದ್ದರೇ, ಒತ್ತಾಯದಿಂದ ಕರೆತಂದವರು ಇದ್ದರೇ? ಇದ್ದರೆ ಸುದ್ದಿ ಅದೇ, ಅದಕ್ಕೆ ಬೇರೆಯೇ ಕಲಂಗಳಿವೆ, ಅಲ್ಲಿ ಆರೋಪಿ ಆಕೆಯಲ್ಲ. ವೇದಿಕೆಯ ಮೇಲೆ ಹತ್ತಿ ಮೈಮುಟ್ಟಿದವರು ಯಾರು? ಒಪ್ಪಿದ ಹಣ ಅವರ ಕೈಗೆ ಬಂತೇ? ಮತ್ತು ಎಲ್ಲಕ್ಕಿಂತ ಮೊದಲು, ಆಕೆಯನ್ನು ಯಾರಾದರೂ ಮಾತಾಡಿಸಿದರೇ?

ಇಷ್ಟು ಕೇಳಿದ ಮೇಲೂ ಅಶ್ಲೀಲ ಎಂಬ ಪದ ಬೇಕೇಬೇಕು ಅನ್ನಿಸಿದರೆ, ಹಾಗೆಂದವರ ಹೆಸರು ಹಾಕಿ ಬರೆಯಿರಿ: ‘ನೃತ್ಯ ಅಶ್ಲೀಲವಾಗಿತ್ತು ಎಂದು ಇಂಥವರು ದೂರಿದ್ದಾರೆ’. ಹೆಸರು ಹೇಳಲು ಯಾರೂ ಮುಂದೆ ಬರದಿದ್ದರೆ, ಆ ಪದ ಕಾಪಿಯಲ್ಲಿ ಇರಬೇಕಾದ ಕಾರಣವೂ ಇಲ್ಲ. ನಂಜನಗೂಡಿನ ಒಬ್ಬ ಹೆಣ್ಣುಮಗಳು 1910ರಲ್ಲಿ ಕೇಳಿದ ಪ್ರಶ್ನೆಗೆ ಈ ರಾಜ್ಯದ ಪತ್ರಕರ್ತರು ಅಷ್ಟಾದರೂ ಉತ್ತರ ಕೊಡಬೇಕು.